ಒಂದೇ ಮನೆಯ ಎರಡು ಟ್ಯೂಬು

ನಮ್ಮೂರಿನಲ್ಲಿ ಯಾರಾದರೂ ಒಂದು ವಸ್ತುವನ್ನು ಪೂರ್ತಿಯಾಗಿ ಮರೆತರೆ ಆ ವಸ್ತು ಅವರ ಮನೆಯಲ್ಲಿ ಉಳಿಯುವುದಿಲ್ಲ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದನ್ನು ನಾವು ಮರೆವು ಎನ್ನುವುದಿಲ್ಲ, ಅದು ಎಲ್ಲರಿಗೂ ಇರುವ ಪೆದ್ದುತನ. ಬೀಗದ ಕೈ ಅನ್ನುವುದೊಂದು ಇತ್ತು ಎಂಬುದೇ ತಲೆಯಿಂದ ಹೋದರೆ ಅದು ಮರೆವು. ಆಗ ಗೋಡೆಯ ಮೊಳೆ ಖಾಲಿಯಾಗಿರುತ್ತದೆ. ಎಲ್ಲಿಗೆ ಹೋಯಿತು ಎಂದು ನನ್ನನ್ನು ಕೇಳಬೇಡಿ. ಹೊರಗಿನಿಂದ ಬಂದವರು ಕೇಳುತ್ತಾರೆ, ಒಂದು ವರ್ಷ ಇಲ್ಲಿದ್ದರೆ ಅವರೂ ಕೇಳುವುದನ್ನು ಬಿಡುತ್ತಾರೆ.

ನಾವು ಹುಟ್ಟಿನಿಂದ ಇದಕ್ಕೆ ಒಗ್ಗಿದವರು. ಮದುವೆಗೆ ಸೌಟು ಕೊಟ್ಟರೆ ಎರಡು ಕೊಡುತ್ತೇವೆ, ಒಂದನ್ನು ಪಕ್ಕದ ಮನೆಯಲ್ಲಿ ಇಡುವುದಕ್ಕೆ. ವಯಸ್ಸಾದವರಿರುವ ಮನೆಯ ಮಹಡಿಗೆ ಮೆಟ್ಟಿಲಿದ್ದರೂ ಪಕ್ಕದಲ್ಲೊಂದು ಏಣಿ ಒರಗಿರುತ್ತದೆ. ಬೆಳಿಗ್ಗೆ ಕಸ ಗುಡಿಸುವಾಗ ಹೆಂಗಸರು ಒಂದೊಂದು ಸಾಮಾನಿನ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಾ ಗುಡಿಸುತ್ತಾರೆ. ಒಲೆ, ಒರಳು, ಮಣೆ, ಕಿಟಕಿ, ಇನ್ನೊಂದು ಕಿಟಕಿ. ಮರೆತವರಿಗೆ ಏನೂ ಕಳೆದಂತೆ ಅನಿಸುವುದಿಲ್ಲ, ಹುಡುಕಾಡುವವರು ಉಳಿದವರು. ಮನುಷ್ಯರು ಮಾತ್ರ ಮಾಯವಾಗುವುದಿಲ್ಲ. ಮರೆತುಹೋದ ಮೇಲೂ ಎದುರಿಗೇ ನಿಂತಿರುತ್ತಾರೆ. ಅದು ಪುಣ್ಯವೋ ಪಾಪವೋ ನಾನು ಹೇಳಲಾರೆ.

ಮನೆಯಲ್ಲಿ ಸಾಮಾನು ಹೋಗಲು ಶುರುವಾದರೆ ಯಾರ ಮರೆವು ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಮರೆವಿನವರು ಕೆರೆಯಾಚೆಯ ಬರಿಮನೆಗೆ ಹೋಗಿ ಇರಬೇಕು. ಅಲ್ಲಿ ಕಳೆಯುವುದಕ್ಕೆ ಏನನ್ನೂ ಇಡುವುದಿಲ್ಲ. ಕಲ್ಲಿನ ಗೋಡೆ, ಕಲ್ಲಿನ ನೆಲ, ಹೊತ್ತು ಹೊತ್ತಿಗೆ ಹೊರಗಿನಿಂದ ಬರುವ ಊಟ. ಕ್ರೂರ ಅಂತ ನಿಮಗೆ ಅನಿಸಬಹುದು. ಹೆಂಡತಿ ಮಕ್ಕಳ ತಲೆಯ ಮೇಲಿನ ಸೂರನ್ನು ಮರೆತವರೂ ಈ ಊರಿನಲ್ಲಿದ್ದರು, ಆ ಭಯಕ್ಕೆ ಹಿರಿಯರು ಮಾಡಿದ ಕಟ್ಟಳೆ.

ನಾನು ಕೆಲಸ ಮಾಡುವುದು ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ. ಮರೆವಿನ ಕಾಯಿಲೆಯವರ ರಕ್ತದಲ್ಲಿ ಯಾವ ಜೀನು ಎಷ್ಟು ಚುರುಕಾಗಿದೆ, ಯಾವುದು ಮಂಕಾಗಿದೆ ಎಂದು ಯಂತ್ರ ಅಳೆಯುತ್ತದೆ. ಆ ಅಂಕಿಗಳನ್ನು ಚೊಕ್ಕ ಮಾಡುವುದು ನಮ್ಮ ಕೆಲಸ. ಇದು ಯಾರ ರಕ್ತ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಕಾಯಿಲೆ ಇದೆಯೋ ಇಲ್ಲವೋ, ರಕ್ತ ಕೊಡುವ ಮುಂಚೆ ಏನಾದರೂ ತಿಂದಿದ್ದರೋ, ಎಲ್ಲವನ್ನೂ ಒಪ್ಪವಾಗಿ ಸಾಲಾಗಿ ಜೋಡಿಸಿ, ಹೆಸರು ತೆಗೆದು, ಬರೀ ನಂಬರು ಕೊಟ್ಟು ಎಲ್ಲರಿಗೂ ತೆರೆದಿಡುತ್ತೇವೆ. ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ, ಆದರೆ ನಮ್ಮ ರಕ್ತದ ಅಂಕಿಗಳು ಎಲ್ಲೆಲ್ಲಿಗೋ ಹೋಗುತ್ತವೆ. ಎಲ್ಲೋ ಯಾರೋ ಅದನ್ನು ನೋಡಿ ಔಷಧಿ ಹುಡುಕುತ್ತಿರುತ್ತಾರೆ. ಇನ್ನೂ ಸಿಕ್ಕಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ವಾರಿಜಕ್ಕ. ನಾನು ಸೇರಿದ ಹೊಸದರಲ್ಲಿ ಅವಳಿಗೆ ಹೆದರಿ ಊಟದ ಡಬ್ಬಿಯನ್ನೂ ಕೇಳಿಯೇ ತೆಗೆಯುತ್ತಿದ್ದೆ. ಯಾರದಾದರೂ ವಯಸ್ಸು ಪಟ್ಟಿಯ ಒಂದು ಕಡೆ ಅರವತ್ತು ಎಂದಿದ್ದು ಇನ್ನೊಂದು ಕಡೆ ಅರವತ್ತೊಂದಾಗಿದ್ದರೆ ಮೂರು ದಿನ ಬಿಡುತ್ತಿರಲಿಲ್ಲ. "ಸುಗುಣಾ, ಇವರು ಹೆಸರಿಲ್ಲದೆ ನಮ್ಮನ್ನ ನಂಬಿಕೊಂಡು ಬಂದಿದಾರೆ ಕಣೇ," ಎನ್ನುತ್ತಿದ್ದಳು. "ಹೆಸರಿದ್ರೆ ಅವರೇ ಬಂದು ತಪ್ಪಾಗಿದೆ ಅಂತ ಜಗಳ ಆಡೋರು. ಹೆಸರಿಲ್ಲದೋರಿಗೆ ಜಗಳ ಆಡೋರು ಯಾರು? ನಾವೇ." ಅವಳ ಬಾಯಿಗೆ ಸಿಕ್ಕಿದ ನರ್ಸುಗಳು ಅವಳನ್ನು ಕಂಡರೆ ಕಾರಿಡಾರಿನಲ್ಲಿ ದಾರಿ ಬದಲಿಸುತ್ತಿದ್ದರು.

ಅವಳ ಗಂಡ ಧರಣಪ್ಪನವರು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವವರು. ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ. ಮಾತು ಕಡಿಮೆ, ನಗು ಜಾಸ್ತಿ. ಇವಳು ದಿನವಿಡೀ ಗುಡುಗಿ ಮನೆಗೆ ಹೋದರೆ ಆ ಮನುಷ್ಯ ಕಾಫಿ ಮಾಡಿ ಮುಂದಿಟ್ಟು, ಇವತ್ತು ಯಾರಿಗೆ ಬಿತ್ತು ಎಂದು ಕೇಳುತ್ತಿದ್ದರಂತೆ. ಮಕ್ಕಳಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಸಾಕಾಗಿದ್ದರು.

ಅಂಥ ಮನೆಯ ಹಿತ್ತಲ ಬಾಗಿಲು ಒಂದು ದಿನ ಇಲ್ಲವಾಯಿತು. ಮೊದಲು ನೋಡಿದ್ದು ಪಕ್ಕದ ಮನೆಯ ಸಾವಂತ್ರಮ್ಮ, ಊರಿನ ಎಲ್ಲದರಲ್ಲೂ ಮೂಗು ತೂರಿಸುವ ಹೆಂಗಸು. ಬಾವಿಕಟ್ಟೆಯಿಂದ ತಲೆಯೆತ್ತಿ ನೋಡಿದರೆ ಬಾಗಿಲಿದ್ದ ಕಡೆ ಬೋಳು ಗೋಡೆ. ಕೂಗಿ ಕೇಳಿದಳು. "ಯಾವ ಬಾಗಿಲು?" ಎಂದರು ಧರಣಪ್ಪನವರು. "ಯಾವ ಬಾಗಿಲೇ?" ಎಂದಳು ವಾರಿಜಕ್ಕ ಒಳಗಿನಿಂದ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು.

ಇಬ್ಬರನ್ನೂ ಡಾಕ್ಟರು ಕರೆಸಿದರು. ಧರಣಪ್ಪನವರು ಕೇಳಿದ್ದಕ್ಕೆಲ್ಲ ತಬ್ಬಿಬ್ಬಾದರು. ಇವತ್ತು ಯಾವ ವಾರ ಎಂದರೆ ಅತ್ತ ಇತ್ತ ನೋಡಿದರು, ಬಾಗಿಲಿನ ಮಾತೆತ್ತಿದರೆ, "ಹಿತ್ತಲಿಗೆ ಬಾಗಿಲೆಲ್ಲಿತ್ತು ಸಾರ್?" ಎಂದರು. ವಾರಿಜಕ್ಕ ವಾರ, ತಿಂಗಳು, ಮಗ್ಗಿ ಎಲ್ಲವನ್ನೂ ಪಟಪಟ ಹೇಳಿದಳು. ಬಾಗಿಲು ನೆನಪಿದೆಯೇನಮ್ಮ ಎಂದಾಗ, "ಇದೆ ಸಾರ್, ಕಾಯಿಪಲ್ಯದ ಗಡಿಬಿಡೀಲಿ ಆವತ್ತು ಸಾವಂತ್ರಮ್ಮ ಕೇಳಿದ್ದು ಸರಿಯಾಗಿ ಕಿವಿಗೆ ಬೀಳಲಿಲ್ಲ," ಎಂದಳು. ತೀರ್ಮಾನ ಅಲ್ಲಿಗೇ ಆಗಿಹೋಯಿತು.

ಬರಿಮನೆಗೆ ಹೋಗುವ ಮುಂಚೆ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಒಬ್ಬರು ಕಾಯಿಲೆಯವರು, ಇನ್ನೊಬ್ಬರು ಹೋಲಿಸಿ ನೋಡುವುದಕ್ಕೆ. ಒಂದೇ ಮನೆಯ ಅನ್ನ, ನೀರು, ಚಿಂತೆ. ಬೇರೆ ಇರುವುದು ಕಾಯಿಲೆ ಮಾತ್ರ ಎಂಬ ಲೆಕ್ಕಾಚಾರ. ಆವತ್ತು ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರೂ ಧರಣಪ್ಪನವರು ದಾರಿಯಲ್ಲಿ ಹಲಸಿನ ಹಣ್ಣು ಕೊಡಿಸಿದರಂತೆ. ಇನ್ನು ಇವರ ಜೊತೆ ಯಾವಾಗ ತಿನ್ನುತ್ತೇನೋ ಎಂದು ವಾರಿಜಕ್ಕನೂ ತಿಂದಳಂತೆ. ತಿಂದವಳು ಸುಮ್ಮನಿದ್ದಾಳೆಯೇ? ನರ್ಸಿನ ಕೈಯಲ್ಲಿ 'ಹಲಸಿನ ತೊಳೆ, ಇಬ್ಬರೂ' ಎಂದು ಬರೆಸಿದ ಮೇಲೇ ತೋಳು ಚಾಚಿದ್ದು. ಮರುದಿನ ಆಫೀಸಿನಲ್ಲಿ ಇದನ್ನು ಹೇಳಿ ನಕ್ಕಳು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರುತ್ತಾ ಕೂತಿದ್ದೆ, ನನಗೂ ದುಃಖ ತಡೆಯಲಾಗಲಿಲ್ಲ.

ಆಮೇಲೆ ವಾರಕ್ಕೊಮ್ಮೆ ಭಾನುವಾರ ಅವಳು ಬರಿಮನೆಗೆ ಹೋಗಿ ಬರುತ್ತಿದ್ದಳು. ಅವರು ಒಂದೊಂದು ದಿನ ಗುರುತು ಹಿಡಿಯುತ್ತಾರೆ, ಒಂದೊಂದು ದಿನ ಇಲ್ಲ ಎನ್ನುತ್ತಿದ್ದಳು. ನಾನು ಅವಳ ಮನೆಗೆ ಹೋದಾಗೆಲ್ಲ ಏನಾದರೂ ಕಡಿಮೆಯಾದಂತೆ ಕಾಣುತ್ತಿತ್ತು. ನಡುಮನೆಯ ಬೆಂಚು ಇರಲಿಲ್ಲ, ಗೋಡೆಯ ಗೂಡು ಇರಲಿಲ್ಲ. ಹೋದವರ ಮರೆವು ಸ್ವಲ್ಪ ಕಾಲ ಮನೆಯಲ್ಲೇ ಸುತ್ತುತ್ತಿರುತ್ತದೆ ಎಂಬುದು ನಮ್ಮೂರಿನವರ ನಂಬಿಕೆ, ನಾನೂ ಹಾಗೇ ಅಂದುಕೊಂಡೆ. ಅವಳನ್ನು ಕೇಳಿ ನೋಯಿಸುವುದೇಕೆ?

ವರ್ಷ ಕಳೆದ ಮೇಲೆ ಆ ಸಲದ ರಕ್ತದ ಅಂಕಿಗಳು ನಮ್ಮ ಕೋಣೆಗೆ ಬಂದವು. ಒಂದೊಂದು ಸಾಲನ್ನೂ ಇಬ್ಬರು ನೋಡಬೇಕು, ಮೊದಲು ನಾನು, ಆಮೇಲೆ ವಾರಿಜಕ್ಕ. ನಮ್ಮ ಮೊದಲ ಪರೀಕ್ಷೆ ಬಹಳ ಸರಳ. ಹೆಂಗಸರ ರಕ್ತದಲ್ಲಿ ಮಾತ್ರ ಎದ್ದು ಕಾಣುವ ಒಂದು ಜೀನಿದೆ, ಗಂಡಸರಲ್ಲಿ ಅದು ಸದ್ದಿಲ್ಲದೆ ಮಲಗಿರುತ್ತದೆ. ಗಂಡಸರಲ್ಲಿ ಮಾತ್ರ ಕೆಲಸ ಮಾಡುವ ಜೀನುಗಳೂ ಇವೆ. ಟ್ಯೂಬಿಗೆ ಅಂಟಿಸಿದ ಚೀಟಿಯಲ್ಲಿ ಗಂಡು ಎಂದಿದ್ದು ರಕ್ತ ಹೆಣ್ಣು ಎಂದರೆ ಎಲ್ಲೋ ಟ್ಯೂಬು ಅದಲು ಬದಲಾಗಿದೆ ಎಂದು ಅರ್ಥ. ಆಗಾಗ ಆಗುತ್ತಿರುತ್ತದೆ. ಜೋಡಿಯ ಚೀಟಿಗಳನ್ನು ತಿರುಗಿ ಅದಲು ಬದಲು ಮಾಡಿದರೆ ಸರಿಹೋಗುತ್ತದೆ.

ಆ ದಿನವೂ ಒಂದು ಜೋಡಿ ಹಾಗೆ ಸಿಕ್ಕಿತು. 'ಗಂಡು, ಕಾಯಿಲೆ' ಎಂದಿದ್ದ ಟ್ಯೂಬಿನಲ್ಲಿ ಹೆಂಗಸಿನ ರಕ್ತ. 'ಹೆಣ್ಣು, ಆರೋಗ್ಯ' ಎಂದಿದ್ದರಲ್ಲಿ ಗಂಡಸಿನದು. ನಾನು ಆಕಳಿಸುತ್ತಲೇ ಚೀಟಿ ಬದಲಿಸಿದೆ. ಬದಲಿಸಿದರೆ ಇನ್ನೊಂದು ತಲೆನೋವು. ಈಗ ಆರೋಗ್ಯವಾಗಿರುವ ಹೆಂಗಸಿನ ರಕ್ತದಲ್ಲಿ ಮರೆವಿನ ಗುರುತುಗಳೆಲ್ಲ ತುಂಬಿಕೊಂಡಿದ್ದವು, ಕಾಯಿಲೆಯ ಗಂಡಸಿನ ರಕ್ತ ಅಗಸ ಒಗೆದ ಬಟ್ಟೆಯಷ್ಟು ಶುಭ್ರ. ಇದೇನು ಗ್ರಹಚಾರ ಎಂದುಕೊಂಡು ಸಾಲಿನ ಕೊನೆಯವರೆಗೆ ಓದಿದೆ. ಉಳಿದವರೆಲ್ಲರ ಮುಂದೆ ಖಾಲಿ ಹೊಟ್ಟೆ ಎಂದಿತ್ತು. ಇವರ ಮುಂದೆ, ಹಲಸಿನ ತೊಳೆ, ಇಬ್ಬರೂ.

ನಾನು ಆ ಜೋಡಿಯನ್ನು ಪಕ್ಕಕ್ಕೆ ಸರಿಸಿ ಬೇರೆ ಸಾಲುಗಳನ್ನು ಅವಳ ಮೇಜಿಗೆ ಕಳಿಸಿದೆ. ಆದರೆ ವಾರಿಜಕ್ಕನ ಕಣ್ಣು ತಪ್ಪಿಸಿ ಬದುಕಿದವರುಂಟೇ?

"ಸುಗುಣಾ, ಮಧ್ಯೆ ಎರಡು ನಂಬರ್ ಇಲ್ಲ. ಯಾಕೆ?"

"ಅದು ಸರಿ ಇಲ್ಲ ಅಕ್ಕ. ತೆಗೆದುಹಾಕೋಣ ಅಂತ..."

"ನೋಡದೇನೆ ತೆಗೆದುಹಾಕಕ್ಕೆ ಅದೇನು ಹುಳುಕು ಬದನೆಕಾಯಾ? ತಾ ಇಲ್ಲಿ."

ಅವಳು ನೋಡಿದಳು. ಎಂದಿನಂತೆ ಬೆರಳಿನಲ್ಲಿ ಮೇಜು ಕುಟ್ಟುತ್ತಾ ನನಗೆ ಪಾಠ ಹೇಳುವ ದನಿಯಲ್ಲೇ ಶುರು ಮಾಡಿದಳು. "ಇದು ಬರೀ ಟ್ಯೂಬ್ ಬದಲಾಗಿರೋದಲ್ಲ ಕಣೇ. ಚೀಟಿ ಬದಲಾಯಿಸಿದೋನಿಗೆ ಕಾಯಿಲೆ ಯಾರಿಗೆ ಅಂತ ಮೊದಲೇ ಗೊತ್ತು. ಕಾಯಿಲೆ ಹೆಂಡತಿಗೆ. ಅದನ್ನ ತನ್ನ ಮೇಲೆ ಹಾಕ್ಕೊಳ್ಳೋಕೆ ಅವಳ ರಕ್ತಕ್ಕೆ ತನ್ನ ಚೀಟಿ ಅಂಟಿಸಿದಾನೆ. ರಕ್ತ ಗಂಡು ಹೆಣ್ಣು ಅಂತ ಹೇಳುತ್ತೆ ಅನ್ನೋದು ಪಾಪ, ಅವನಿಗೇನು ಗೊತ್ತು?" ಅಷ್ಟು ಹೇಳಿ ಮುಗುಳ್ನಕ್ಕಳು. ಆಮೇಲೆ ಅವಳ ಬೆರಳು ಸಾಲಿನ ಕೊನೆಗೆ ಬಂತು.

ಆ ಪದಗಳ ಕೆಳಗೆ ಬೆರಳು ಒತ್ತಿ ಮತ್ತೊಮ್ಮೆ ಓದಿದಳು. ನಾನೇ ಬಾಯಿಬಿಟ್ಟೆ. "ಬಿಟ್ಟುಬಿಡೋಣ ಅಕ್ಕ. ಅನುಮಾನ ಇರೋ ಜೋಡೀನ ಹೊರಗೆ ಹಾಕು ಅಂತ ರೂಲ್ಸೇ ಇದೆ. ಯಾರಿಗೂ ಗೊತ್ತಾಗಲ್ಲ."

"ಅನುಮಾನ ಎಲ್ಲಿದೆ ಇದರಲ್ಲಿ?" ಎಂದಳು. "ಆವತ್ತು ಡಾಕ್ಟರ ಹತ್ರ ಬಾಗಿಲು ನೆನಪಿದೆ ಅಂದೆ ಸುಗುಣಾ. ನೆನಪಿರಲಿಲ್ಲ. ಎಲ್ಲರೂ ಇತ್ತು ಇತ್ತು ಅಂತಿದ್ರು, ನಾನೂ ಹೂಂ ಅಂದೆ. ಹೆದರಿಕೆ ಆಗಿತ್ತು ಕಣೇ."

ಆ ಭಾನುವಾರ ನನ್ನನ್ನೂ ಕರೆದುಕೊಂಡು ಬರಿಮನೆಗೆ ಹೋದಳು. ಧರಣಪ್ಪನವರು ಜಗುಲಿಯ ಬಿಸಿಲಿನಲ್ಲಿ ಕೂತಿದ್ದರು. ಮೈ ಇಳಿದುಹೋಗಿತ್ತು. ನಮ್ಮನ್ನು ಕಂಡು ಕಣ್ಣು ಕಿರಿದು ಮಾಡಿ, "ಯಾರಮ್ಮ ನೀವು?" ಎಂದರು.

"ಟ್ಯೂಬಿನ ಚೀಟಿ ಬದಲಾಯಿಸಿದ್ದು ನೀವು ತಾನೇ?" ಎಂದಳು ವಾರಿಜಕ್ಕ.

"ಯಾವ ಚೀಟಿ? ಊಟ ತಂದಿದೀರಾ?"

"ನಾಟಕ ಸಾಕು ಕಣ್ರೀ." ಅವಳು ಅವರ ಎದುರಿಗೆ ಕಲ್ಲಿನ ಮೇಲೆ ಕೂತಳು. "ಒಂದೇ ಒಂದು ಹೇಳಿಬಿಡಿ. ನಮ್ಮ ಹಿತ್ತಲ ಬಾಗಿಲಿಗೆ ಯಾವ ಬಣ್ಣ ಇತ್ತು?"

ಅವರು ತಲೆ ತಗ್ಗಿಸಿದರು. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಇಲ್ಲದ ಬಣ್ಣ ಒಂದನ್ನು ಹೇಳಿದ್ದರೂ ಆಗುತ್ತಿತ್ತು. ಆದರೆ ವರ್ಷವಿಡೀ ಗೋಡೆ ನೋಡಿಕೊಂಡು ನಟಿಸಿದ ಮನುಷ್ಯ, ಅವಳೇ ಎದುರಿಗೆ ಕೂತು ಕೇಳಿದಾಗ ಸೋತುಹೋದರು. "ಗಿಳಿ ಹಸಿರು," ಎಂದರು. "ನಾನು ಬೇಡ ಅಂದೆ. ಮನೆ ಅಲ್ಲ ಪಂಜರದ ಥರ ಕಾಣುತ್ತೆ ಅಂದೆ. ನೀನೇ ಹಟ ಮಾಡಿ ಹೊಡೆಸಿದ್ದು. ನಾಕು ದಿನ ಅದನ್ನೇ ನೋಡ್ಕೊಂಡು ಖುಷಿ ಪಟ್ಟಿದ್ದೆ ನೀನು."

"ನನಗೆ ಬಾಗಿಲೇ ನೆನಪಿಲ್ಲ," ಎಂದಳು ವಾರಿಜಕ್ಕ, ಮತ್ತು ಅಳತೊಡಗಿದಳು. ಅವಳು ಹಾಗೆ ಮಗುವಿನಂತೆ ಅಳುವುದನ್ನು ನಾನು ಕಂಡಿರಲಿಲ್ಲ.

ಧರಣಪ್ಪನವರು ಅವಳ ಎರಡೂ ಕೈ ಹಿಡಿದುಕೊಂಡರು. "ಬಾಗಿಲಿಗಿಂತ ಮುಂಚೆ ಜರಡಿ ಹೋಯ್ತು. ಆಮೇಲೆ ಮೂಲೇಲಿದ್ದ ಕುರ್ಚಿ. ನಾನು ಸುಮ್ಮನಿದ್ದೆ. ಹೊಸದು ತಂದಿಟ್ಟರೆ ಇದ್ಯಾವಾಗ ತಂದ್ರಿ ಅಂತಿದ್ದೆ ನೀನು. ನರ್ಸಮ್ಮ ಆ ಕಡೆ ತಿರುಗಿದಾಗ ಚೀಟಿ ಬದಲಾಯಿಸಿಬಿಟ್ಟೆ. ರಕ್ತ ಬಾಯಿಬಿಟ್ಟರೆ ನನ್ನ ಹೆಸರಲ್ಲೇ ಬಿಡಲಿ ಅಂತ. ನಿನಗೆ ಇಲ್ಲಿ ಆಗಲ್ಲ ವಾರಿಜಾ. ನಿನಗೆ ಆಫೀಸು ಬೇಕು, ಯಾರನ್ನಾದ್ರೂ ಬೈಯೋಕೆ ಬೇಕು. ನಾನು ತಂತಿ ಸುತ್ತೋನು, ಎಲ್ಲಿ ಕೂರಿಸಿದರೂ ಕೂತಿರ್ತೀನಿ. ಆ ಸಾಲು ಕಿತ್ತುಹಾಕು. ಇನ್ನೆಷ್ಟು ದಿನ ಆಗುತ್ತೋ ಅಷ್ಟು ದಿನ ನೀನು ಮನೇಲಿರು."

"ಒಂಟಿಯಾಗಿ?"

ಅವರು ಹೆಬ್ಬೆರಳಿನಿಂದ ಅವಳ ಕೈ ಸವರಿದರು.

"ಒಂದೇ ಮನೆಯ ಜೋಡಿ ಎಷ್ಟು ಕಷ್ಟಕ್ಕೆ ಸಿಗುತ್ತೆ ಗೊತ್ತಾ ನಿಮಗೆ?" ಎಂದಳು ಅವಳು ಮೂಗೊರೆಸಿಕೊಂಡು. ಅಳುವಿನ ನಡುವೆಯೂ ಆಫೀಸಿನ ದನಿ ಬಂದುಬಿಟ್ಟಿತ್ತು. "ಕಿತ್ತುಹಾಕಿದರೆ ನಾವಿಬ್ಬರೂ ಯಾವ ಲೆಕ್ಕಕ್ಕೂ ಇಲ್ಲ. ಎಲ್ಲೋ ಯಾವಳಿಗೋ ನನ್ನ ರಕ್ತದಿಂದ ಒಂದು ದಾರಿ ಕಾಣೋದಿದ್ದರೆ ಅದೂ ಇಲ್ಲ. ನೀವು ಇಲ್ಲಿ ಸುಮ್ಮನೆ ಗೋಡೆ ನೋಡ್ಕೊಂಡು ಸಾಯಬೇಕು. ನಾನು ಅಲ್ಲಿ ಒಂದೊಂದಾಗಿ ಮನೇನ ಮರೀತಾ ಇರಬೇಕು. ನಾನು ನಿಮ್ಮನ್ನ ಮನೆಗೆ ಕಳಿಸ್ತೀನಿ. ಹೂಂ ಅನ್ನಿ."

ಅವರು ಹೂಂ ಅನ್ನಲಿಲ್ಲ. ಕೈಯನ್ನೂ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಅವಳೇ ಡಾಕ್ಟರ ಕೋಣೆಗೆ ಹೋಗಿ ಹೇಳಿದಳು. ಅವರು ಮತ್ತೆ ಪ್ರಶ್ನೆ ಕೇಳಿದರು, ಈ ಸಲ ಅವಳು ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದಳು. ಹಿಂದಿರುಗಿ ಬಂದು ತನ್ನ ಮೇಜಿನಲ್ಲಿ ಕೂತು, ಮೊದಲ ಸಾಲಿನಲ್ಲಿ 'ಹೆಣ್ಣು, ಕಾಯಿಲೆ' ಎಂದೂ ಎರಡನೆಯದರಲ್ಲಿ 'ಗಂಡು, ಆರೋಗ್ಯ' ಎಂದೂ ತಿದ್ದಿದಳು. ಎರಡನೆಯವರು ನೋಡಬೇಕಲ್ಲ, ನನ್ನನ್ನು ಕರೆದಳು. ನಾನು ಕಣ್ಣೀರಿನಲ್ಲಿ ಏನೂ ಕಾಣದೆ ಸರಿ ಎಂದೆ. "ನೋಡದೇನೆ ಸರಿ ಅನ್ನಬೇಡ," ಎಂದು ಗದರಿದಳು. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.

ಅವಳು ಕೆರೆಯಾಚೆ ಹೋದ ದಿನವೇ ಧರಣಪ್ಪನವರು ಈಚೆ ಬಂದರು. ಅವರ ಜೊತೆ ಮನೆಯೊಳಗೆ ಹೋದವಳು ನಾನೊಬ್ಬಳೇ. ಅವರು ಕೋಣೆಯಿಂದ ಕೋಣೆಗೆ ನಡೆದು ನೋಡಿದರು. ಅವರ ಮಂಚ ಇರಲಿಲ್ಲ. ಅಂಗಿ ನೇತುಹಾಕುವ ಗೂಟ ಇರಲಿಲ್ಲ. ಅವರು ಕಾಫಿ ಮಾಡುತ್ತಿದ್ದ ಪಾತ್ರೆ, ಶೇವಿಂಗ್ ಕನ್ನಡಿ, ತಂತಿ ಸುರುಳಿ ಇಡುತ್ತಿದ್ದ ಪೆಟ್ಟಿಗೆ, ಯಾವುದೂ ಇರಲಿಲ್ಲ. ಅವಳ ಸಾಮಾನುಗಳು ಅಲ್ಲಲ್ಲೇ ಇದ್ದವು. ಆ ಮನೆಯಲ್ಲಿ ಒಬ್ಬ ಗಂಡಸು ಬಾಳಿದ್ದ ಎಂದರೆ ಯಾರೂ ನಂಬುವಂತಿರಲಿಲ್ಲ. "ನನ್ನ ಯೋಚನೇಲೇ ಇದ್ದಳಲ್ಲ ಸುಗುಣಾ, ಸಾಮಾನಿನ ಕಡೆ ಗಮನ ಹೋಗಿಲ್ಲ," ಎಂದು ನಗುವುದಕ್ಕೆ ನೋಡಿದರು. ನಾನು ಹೌದು ಅಣ್ಣ ಎಂದೆ. ಬೇರೇನು ಹೇಳಲಿ?

ಅಂಗಡಿ ಬಾಗಿಲು ತೆರೆದರೂ ಅವರಿಗೆ ಅಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ದಿನಾ ಮಧ್ಯಾಹ್ನ ಕೆರೆ ಏರಿಯ ಮೇಲೆ ನಡೆದು ಹೋಗಿ ಅವಳ ಬಳಿ ಕೂತು ಬರುತ್ತಿದ್ದರು. ಬಿಡುವಾದಾಗ ನಾನೂ ಹೋಗುತ್ತಿದ್ದೆ. ಅವಳು ಬಹಳ ಬೇಗ ಇಳಿದಳು. ಮೊದಲು ನನ್ನ ಹೆಸರು ಹೋಯಿತು, ಆಮೇಲೆ ಬೀದಿ, ಊರು. ಕೆಲಸದ ಮಾತು ಮಾತ್ರ ಉಳಿದಿತ್ತು, ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದಳು. ಕೆಲವು ದಿನ ಧರಣಪ್ಪನವರನ್ನು ಆಸ್ಪತ್ರೆಯ ಯಾರೋ ಎಂದುಕೊಂಡು ನೀವು ಬರೆದದ್ದು ಕಾಗೆ ಕಾಲಿನ ಹಾಗಿದೆ ಎಂದು ಬೈಯುವಳು. ಅವರು ನಾಳೆಯಿಂದ ನೆಟ್ಟಗೆ ಬರೀತೀನಿ ಮೇಡಂ ಎನ್ನುವರು.

ಒಂದು ಮಧ್ಯಾಹ್ನ ನಾವು ಮೂವರೂ ಜಗುಲಿಯಲ್ಲಿ ಕೂತಿದ್ದೆವು. ಅವಳು ಇದ್ದಕ್ಕಿದ್ದಂತೆ ಧರಣಪ್ಪನವರ ಕಡೆ ತಿರುಗಿ, ಅಪರಿಚಿತರಿಗೆ ಸುದ್ದಿ ಹೇಳುವ ಉತ್ಸಾಹದಲ್ಲಿ ಶುರು ಮಾಡಿದಳು.

"ನಮ್ಮ ಆಫೀಸಿಗೆ ಒಂದು ಜೋಡಿ ಬಂದಿತ್ತು ಕಣ್ರೀ. ಹೆಂಡತಿಗೆ ಮರೆವು. ಅವಳನ್ನ ಕಳಿಸಬಾರದು ಅಂತ ಗಂಡ ಅವಳ ರಕ್ತಕ್ಕೆ ತನ್ನ ಚೀಟಿ ಅಂಟಿಸಿ ತಾನೇ ಹೋಗಿ ಕೂತುಬಿಟ್ಟ. ಕೇಳಿದೀರಾ ಎಲ್ಲಾದ್ರೂ? ಅಂಥ ಗಂಡ ಎಷ್ಟು ಜನಕ್ಕೆ ಸಿಗ್ತಾನೆ ಹೇಳಿ?"

"ಅಪರೂಪ," ಎಂದರು ಧರಣಪ್ಪನವರು.

"ಆಮೇಲೆ ಏನಾಯ್ತೋ, ನನಗೆ ಗೊತ್ತಾಗಲೇ ಇಲ್ಲ." ಅವಳ ಹಣೆ ಗಂಟಾಯಿತು. "ಆ ಹೆಂಗಸಿಗೆ ಗೊತ್ತಾಯ್ತೋ ಇಲ್ಲವೋ. ಗಂಡ ತನಗೋಸ್ಕರ ಹೋದ ಅಂತ ತಿಳೀದೇನೆ ಸತ್ತಳೋ ಏನೋ, ಪಾಪ. ನಿಮಗೇನಾದ್ರೂ ಗೊತ್ತಾ?"

ನಾನು ಧರಣಪ್ಪನವರ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ.

"ಗೊತ್ತಾಯ್ತಂತೆ ಕಣಮ್ಮ," ಎಂದರು. "ಅವಳೇ ಕಂಡುಹಿಡಿದಳಂತೆ. ಅವನನ್ನ ಮನೆಗೆ ಕಳಿಸಿ, ತಾನು ಹೋದಳಂತೆ."

"ಅವನು ಬೇಡ ಅನ್ನಲಿಲ್ವಾ?"

"ಅಂದ. ಅವಳು ಕೇಳೋ ಪೈಕಿ ಅಲ್ಲ."

ವಾರಿಜಕ್ಕನ ಮುಖ ಅರಳಿತು. ಬಹಳ ದಿನದ ಲೆಕ್ಕ ತಾಳೆಯಾದಾಗ ಆಫೀಸಿನಲ್ಲಿ ಹಾಗೇ ಅರಳುತ್ತಿತ್ತು. "ಸದ್ಯ," ಎಂದಳು. "ಇಷ್ಟು ದಿನ ಅದೇ ಕೊರೀತಿತ್ತು." ಸಮಾಧಾನದಿಂದ ಗೋಡೆಗೆ ಒರಗಿದವಳು, ಏನೋ ಹೊಳೆದಂತೆ ಮತ್ತೆ ಅವರ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ಅವನು ಈಗ ಹೇಗಿದಾನೆ? ಅವನನ್ನ ನೋಡ್ಕೊಳ್ಳೋರು ಯಾರಾದ್ರೂ ಇದಾರಾ?"